ಓದುಗರ ಪ್ರಶ್ನೆ: ಡಿಸ್ಕಿನ ಚಿಹ್ನೆಯ ಬಳಿ ನಿಂತುಹೋಗುವ ಹೈಕು

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ 2008ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದಿದೆ. ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ರ್‍ಯಾಮ್. ಬ್ಯಾಟರಿ ಸತ್ತು ವರ್ಷಗಳಾದವು. ಚಾರ್ಜರ್ ಸಿಕ್ಕಿಸಿದರೆ ಮಾತ್ರ ನಡೆಯುತ್ತದೆ. ತೋಟದ ಆಳುಗಳ ಬಟವಾಡೆ ಲೆಕ್ಕಕ್ಕಾದರೂ ಆದೀತೆಂದು ಅದಕ್ಕೆ ಹೈಕು ಎಂಬ ಆಪರೇಟಿಂಗ್ ಸಿಸ್ಟಂ ಹಾಕಲು ಒಂದು ತಿಂಗಳಿನಿಂದ ಹೆಣಗುತ್ತಿದ್ದೇನೆ. ಪೆನ್‌ಡ್ರೈವಿನಿಂದ ಆರಂಭಿಸಿದರೆ ಚಿಹ್ನೆಗಳು ಒಂದೊಂದಾಗಿ ಬೆಳಗಿ, ಡಿಸ್ಕಿನ ಚಿಹ್ನೆಯ ಹತ್ತಿರ ನಿಂತು, ಬೂಟ್ ಪಾರ್ಟಿಷನ್ ಸಿಗಲಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಹೈಕುವಿನ ಇಮೇಜನ್ನು (ಪೆನ್‌ಡ್ರೈವಿಗೆ ಬರೆಯುವ ಕಡತವನ್ನು) ಮೂರು ಸಲ ಡೌನ್‌ಲೋಡ್ ಮಾಡಿ ನೋಡಿದೆ. ಒಂದು ದಿನ ಪೆನ್‌ಡ್ರೈವನ್ನು ಎಡಬದಿಗೆ ಚುಚ್ಚಿದಾಗ ಹೇಗೋ ನಡೆದು, ಹಾರ್ಡ್ ಡಿಸ್ಕಿಗೆ ಇನ್‌ಸ್ಟಾಲ್ ಕೂಡ ಆಯಿತು. ಆದರೆ ಪೆನ್‌ಡ್ರೈವ್ ತೆಗೆದರೆ ತೆರೆ ಕಪ್ಪಾಗಿಯೇ ಉಳಿಯುತ್ತದೆ. ವೈಫೈ ಕಾಣುವುದಿಲ್ಲ, ಅದಕ್ಕೆಂದು ಇರುವ ಆಜ್ಞೆ ಕೊಟ್ಟರೆ ಸರ್ಟಿಫಿಕೇಟ್ ದೋಷ ಎನ್ನುತ್ತದೆ. ಇಷ್ಟಲ್ಲದೆ, ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ಸರಿಯಿಲ್ಲ, ಎಫ್1 ಒತ್ತಿ ಎಂದು ಬರುತ್ತದೆ. ಒತ್ತಿ ಮುಂದೆ ಹೋಗುತ್ತೇನೆ.
ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನೀವು ಒಂದೇ ಕಾಯಿಲೆ ಎಂದು ತಿಳಿದಿರುವುದು ಮೂರು ಬೇರೆ ಬೇರೆ ದೋಷಗಳು. ಅವುಗಳಲ್ಲಿ ಒಂದರ ಸುಳಿವನ್ನು ಪತ್ರದ ಕೊನೆಯಲ್ಲಿ, ಲೆಕ್ಕಕ್ಕಿಲ್ಲವೆಂಬಂತೆ ಬರೆದಿದ್ದೀರಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ದಿನಾಂಕ ಸರಿಯಿಲ್ಲ ಎಂಬ ಆ ಸಾಲು ಹೈಕುವಿಗೆ ಸಂಬಂಧಿಸಿದ್ದಲ್ಲ. ಅದು ಲ್ಯಾಪ್‌ಟಾಪಿನ ಬಯೋಸ್, ಅಂದರೆ ಆನ್ ಮಾಡಿದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವ ಒಳ ತಂತ್ರಾಂಶ, ಆಡುವ ಮಾತು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸೆಲ್, ಸಾಮಾನ್ಯವಾಗಿ ಸಿಆರ್2032 ಎಂಬ 3 ವೋಲ್ಟಿನದು, ಯಂತ್ರ ಆಫ್ ಆಗಿದ್ದಾಗ ಗಡಿಯಾರವನ್ನು ನಡೆಸುತ್ತದೆ ಮತ್ತು ಬಯೋಸ್ ಸೆಟ್ಟಿಂಗುಗಳನ್ನು ಕಾಯುತ್ತದೆ. ನಿಮ್ಮ ದೊಡ್ಡ ಬ್ಯಾಟರಿಯೂ ಸತ್ತಿರುವುದರಿಂದ, ಕಕ್ಕಡ ಮಾಸದ ಮಳೆಗಾಳಿಗೆ ಮರ ಬಿದ್ದು ಕರೆಂಟ್ ಹೋದ ಕ್ಷಣದಲ್ಲಿ ಗಡಿಯಾರವೂ ನಿಲ್ಲುತ್ತದೆ, ನೀವು ಬದಲಿಸಿಟ್ಟ ಬೂಟ್ ಕ್ರಮವೂ (ಯಾವುದರಿಂದ ಮೊದಲು ಆರಂಭಿಸಬೇಕೆಂಬ ಸೂಚನೆ) ಅಳಿಸಿಹೋಗುತ್ತದೆ. ನಿನ್ನೆ ನಡೆದದ್ದು ಇವತ್ತು ಏಕೆ ನಡೆಯುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಅರ್ಧದಷ್ಟು ಕಾರಣ ಇಲ್ಲೇ ಮುಗಿಯುತ್ತದೆ.

ಸರ್ಟಿಫಿಕೇಟ್ ದೋಷದ ಮೂಲವೂ ಇದೇ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಲ್ಯಾಪ್‌ಟಾಪ್ ತಾನಿನ್ನೂ 2008ರಲ್ಲಿದ್ದೇನೆ ಎಂದುಕೊಂಡಿದ್ದರೆ, ಇಂದಿನ ಪ್ರಮಾಣಪತ್ರ ಅದರ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ. ಸೆಲ್ ಬದಲಿಸುವ ತನಕ, ಹೈಕುವಿನ ಟೈಮ್ ಸೆಟ್ಟಿಂಗಿಗೆ ಹೋಗಿ ಪ್ರತಿ ಸಲ ದಿನಾಂಕವನ್ನು ಕೈಯಿಂದ ಸರಿಪಡಿಸಿಕೊಳ್ಳಿ. ಸೆಲ್ ಬದಲಿಸುವಾಗ ಒಂದು ಎಚ್ಚರ: ಹಲವು ಲ್ಯಾಪ್‌ಟಾಪುಗಳಲ್ಲಿ ಅದು ಗಡಿಯಾರದ ಅಂಗಡಿಯಲ್ಲಿ ಸಿಗುವ ಬರಿಯ ಸೆಲ್ ಆಗಿರದೆ, ಎರಡು ತಂತಿ ಮತ್ತು ಚಿಕ್ಕ ಪ್ಲಗ್ ಬೆಸೆದು ಪ್ಲಾಸ್ಟಿಕ್ ಸುತ್ತಿದ ರೂಪದಲ್ಲಿರುತ್ತದೆ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ರಿಪೇರಿ ಅಂಗಡಿಗೆ ಹೋಗಿ. ಬರಿಯ ಸೆಲ್‌ಗೆ ಮನೆಯಲ್ಲಿ ತಂತಿ ಬೆಸೆಯಲು ಹೋಗಬೇಡಿ. ಬಿಸಿ ತಗುಲಿದರೆ ಸೆಲ್ ಸಿಡಿಯಬಹುದು. ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಿಮ್ಮದು. ಬಿಚ್ಚಿದಾಗ ಆ ಪ್ಲಗ್ಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ ಅದನ್ನೂ ಒರೆಸಿಸಿಕೊಳ್ಳಿ.

ಇನ್ನು ಡಿಸ್ಕಿನ ಚಿಹ್ನೆ. ನೀವು ಇಮೇಜನ್ನು ಮೂರು ಸಲ ಇಳಿಸಿಕೊಂಡದ್ದು ಬಹುಮಟ್ಟಿಗೆ ವ್ಯರ್ಥ ಶ್ರಮ ಎಂದು ಹೇಳಬೇಕಾಗಿದೆ. ಚಿಹ್ನೆಗಳು ಬೆಳಗತೊಡಗಿದವು ಎಂದರೆ ಬೂಟ್ ಲೋಡರ್ (ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಪೆನ್‌ಡ್ರೈವಿನಿಂದ ಹೈಕುವಿನ ತಿರುಳಾದ ಕರ್ನಲನ್ನು ಓದಿ ಮೆಮೊರಿಗೆ ತಂದಾಗಿದೆ ಎಂದೇ ಅರ್ಥ. ಆದರೆ ಲೋಡರ್ ಓದುವುದು ಬಯೋಸ್‌ನ ನೆರವಿನಿಂದ. ಕರ್ನಲ್ ಎದ್ದ ಮೇಲೆ ಬಯೋಸ್‌ನ ಕೈ ಬಿಟ್ಟು, ತನ್ನದೇ ಯುಎಸ್‌ಬಿ ಡ್ರೈವರ್ ಮೂಲಕ ಅದೇ ಪೆನ್‌ಡ್ರೈವನ್ನು ಹೊಸದಾಗಿ ಹುಡುಕಬೇಕು. ಡಿಸ್ಕಿನ ಚಿಹ್ನೆ ನಿಲ್ಲುವುದು ಈ ಕೈ ಬದಲಾಗುವ ಜಾಗದಲ್ಲಿ: ಒಬ್ಬರು ಬಾಗಿಲವರೆಗೆ ಕರೆತಂದು ಬಿಟ್ಟರು, ಒಳಗೆ ಹೋದವರಿಗೆ ದಾರಿ ಕಾಣಲಿಲ್ಲ. ಎಡಬದಿಯ ಪೋರ್ಟಿನಲ್ಲಿ ನಡೆದು ಬಲಬದಿಯಲ್ಲಿ ನಡೆಯದಿರುವುದೂ ಇದನ್ನೇ ಹೇಳುತ್ತದೆ. ಹೀಗಾಗಿ ಎಡಬದಿಯ ಪೋರ್ಟನ್ನೇ ಬಳಸಿ, ನಡುವೆ ಯುಎಸ್‌ಬಿ ಹಬ್ ಇಡಬೇಡಿ. ಅಲ್ಲೂ ಮತ್ತೆ ನಿಂತರೆ, ಆನ್ ಮಾಡಿದ ಕೂಡಲೇ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಬರುವ ಮೆನುವಿನಲ್ಲಿ ಸೇಫ್ ಮೋಡ್ ಆಯ್ಕೆಗಳಿಗೆ ಹೋಗಿ, ಮೊದಲು ‘ಡಿಸೇಬಲ್ ಐಒ-ಎಪಿಐಸಿ’, ಅದು ಫಲಿಸದಿದ್ದರೆ ‘ಡಿಸೇಬಲ್ ಎಸಿಪಿಐ’ ಪ್ರಯತ್ನಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಗುರುತು ಹಾಕಿದರೆ ಯಾವುದರಿಂದ ಗುಣವಾಯಿತೆಂದು ಎಂದಿಗೂ ತಿಳಿಯುವುದಿಲ್ಲ. ಹೈಕುವಿನ ಇಮೇಜನ್ನು ಡಿವಿಡಿಗೂ ಬರೆಯಬಹುದು ಎಂಬುದು ನೆನಪಿರಲಿ. ನಾನೇ ಒಮ್ಮೆ ಇಂಥದೇ ಲ್ಯಾಪ್‌ಟಾಪಿನ ಮುಂದೆ ಎರಡು ಸಂಜೆ ಕಳೆದು, ಕೊನೆಗೆ ಹಳೆಯ ಖಾಲಿ ಡಿವಿಡಿಯೊಂದರಿಂದ ಕೆಲಸ ಮುಗಿಸಿದ್ದುಂಟು.

ಪೆನ್‌ಡ್ರೈವ್ ತೆಗೆದರೆ ಕಪ್ಪು ತೆರೆ ಎಂಬುದು ಮೂರರಲ್ಲಿ ಹಗುರವಾದದ್ದು. ಇನ್‌ಸ್ಟಾಲರ್ ಕಡತಗಳನ್ನು ನಕಲು ಮಾಡಿದೆ; ಆದರೆ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಹೈಕುವಿನತ್ತ ಕೈ ತೋರಿಸುವ ಸಂಕೇತ ಇಲ್ಲ. ಮೊದಲು ಖಚಿತಪಡಿಸಿಕೊಳ್ಳಿ: ಪೆನ್‌ಡ್ರೈವ್ ಇರುವಾಗಲೇ ಶಿಫ್ಟ್ ಒತ್ತಿ, ಬೂಟ್ ವಾಲ್ಯೂಮ್ ಆಯ್ಕೆಯಲ್ಲಿ ಹಾರ್ಡ್ ಡಿಸ್ಕಿನ ಹೈಕುವನ್ನು ಆರಿಸಿ. ಕೊನೆಯ ರಾಕೆಟ್ ಚಿಹ್ನೆ ಬೆಳಗಿ ಡೆಸ್ಕ್‌ಟಾಪ್ ಬಂದರೆ ಮರಳಿ ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ. ಇನ್‌ಸ್ಟಾಲರ್ ತೆರೆದು, ಅದರ ಟೂಲ್ಸ್ ಮೆನುವಿನಿಂದ ಬೂಟ್ ಮೆನು ಸ್ಥಾಪಿಸಿದರೆ ಸಾಕು. ಹಳೆಯ ಸೆಕ್ಟರಿನ ಪ್ರತಿಯನ್ನು ಉಳಿಸಲೇ ಎಂದು ಅದು ಕೇಳಿದಾಗ ಪೆನ್‌ಡ್ರೈವಿನಲ್ಲಿ ಉಳಿಸಿಕೊಳ್ಳಿ.

ವೈಫೈಗೆ ಬಂದರೆ, ಬ್ರಾಡ್‌ಕಾಮ್‌ನ ಕೆಲವು ಹಳೆಯ ಕಾರ್ಡುಗಳ ಫರ್ಮ್‌ವೇರನ್ನು (ಕಾರ್ಡನ್ನು ನಡೆಸುವ ಒಳ ತಂತ್ರಾಂಶವನ್ನು) ಪರವಾನಗಿಯ ಕಾರಣದಿಂದ ಹೈಕು ತನ್ನೊಂದಿಗೆ ಹಂಚುವುದಿಲ್ಲ. ನೀವು ಕೊಟ್ಟ ಆಜ್ಞೆ ಅದನ್ನು ಜಾಲದಿಂದ ತರುವಂಥದು. ವೈಫೈ ಬರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು ಎಂಬ ಈ ಸಿಕ್ಕನ್ನು ಬಿಡಿಸಲು ಈಥರ್ನೆಟ್ ಕೇಬಲ್ ಸಾಕು. ತೋಟದ ಮನೆಯಲ್ಲಿ ಕೇಬಲ್ ಇಲ್ಲದಿದ್ದರೆ, ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚುವ ಸೌಲಭ್ಯ) ಆನ್ ಮಾಡಿ. 2022ರ ಕೊನೆಯಲ್ಲಿ ಬಂದ ನಾಲ್ಕನೆಯ ಬೀಟಾ (ಪರೀಕ್ಷಾರ್ಥ) ಆವೃತ್ತಿಯಿಂದೀಚೆಗೆ ಹೈಕು ಅದನ್ನು ಗುರುತಿಸುತ್ತದೆ. ದಿನಾಂಕ ಸರಿಪಡಿಸಿದ ಮೇಲೆಯೇ ಆಜ್ಞೆ ಕೊಡಿ.

ಬಟವಾಡೆ ಲೆಕ್ಕದ ಬಗ್ಗೆ ಒಂದು ಮಾತು. ಹೈಕು ಇನ್ನೂ ಬೀಟಾ ಹಂತದಲ್ಲಿರುವ ತಂತ್ರಾಂಶ. ಐದನೆಯ ಬೀಟಾ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ಅದರ ಕಡತ ವ್ಯವಸ್ಥೆ ಬದಲಾವಣೆಗಳನ್ನು ಮೊದಲು ದಾಖಲೆಯಲ್ಲಿ ಬರೆದುಕೊಳ್ಳುವ ಬಗೆಯದಾದ್ದರಿಂದ ಹಠಾತ್ತನೆ ಕರೆಂಟ್ ಹೋದರೂ ಡಿಸ್ಕಿನ ಚೌಕಟ್ಟು ಕೆಡುವುದು ಅಪರೂಪ, ಆದರೆ ನೀವು ಉಳಿಸದೆ ಬಿಟ್ಟ ಹಾಳೆ ಹೋಯಿತೆಂದೇ ತಿಳಿಯಿರಿ. ಲೆಕ್ಕದ ಹಾಳೆಗೆ ಲಿಬ್ರೆಆಫೀಸ್ ಅನ್ನು ಹೈಕುವಿನ ತಂತ್ರಾಂಶ ಭಂಡಾರವಾದ ಹೈಕುಡಿಪೋದಿಂದ ಹಾಕಿಕೊಳ್ಳಬಹುದು. ಆಳುಗಳ ಹೆಸರನ್ನು ಕನ್ನಡದಲ್ಲಿ ಬರೆಯುವುದಾದರೆ, ಹತ್ತು ಹೆಸರು ಬರೆದು ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ ಎಂದು ನೋಡಿದ ಮೇಲೆ ಮುಂದುವರಿಯಿರಿ. ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಇಡಿ.

ಪ್ರಶ್ನೆ: ನನ್ನಲ್ಲಿ 512 ಎಂಬಿ ರ್‍ಯಾಮ್ ಇರುವ ಪೆಂಟಿಯಂ ಎಂ ಲ್ಯಾಪ್‌ಟಾಪ್ ಇದೆ. ಹೈಕುವಿನ 64 ಬಿಟ್ ಇಮೇಜ್ ಹಾಕಿದರೆ ಆರಂಭವೇ ಆಗುವುದಿಲ್ಲ. ಏಕೆ?
ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಪೆಂಟಿಯಂ ಎಂ 32 ಬಿಟ್ ಪ್ರೊಸೆಸರ್, ಅದಕ್ಕೆ 32 ಬಿಟ್ ಇಮೇಜನ್ನೇ ಹಾಕಬೇಕು. ಇದನ್ನು ಕೊರತೆ ಎಂದುಕೊಳ್ಳಬೇಡಿ. ಹೈಕುವಿನ ಮೂಲ ಮಾದರಿಯಾದ ಬಿಓಎಸ್ ಎಂಬ ಆಪರೇಟಿಂಗ್ ಸಿಸ್ಟಂನ ಹಳೆಯ ತಂತ್ರಾಂಶಗಳನ್ನು ನಡೆಸಬಲ್ಲುದು ಈ 32 ಬಿಟ್ ಆವೃತ್ತಿ ಮಾತ್ರ. ಬಿಓಎಸ್ ತಯಾರಿಸಿದ ಬಿ ಕಂಪನಿಯ ಆಸ್ತಿಯನ್ನು 2001ರಲ್ಲಿ ಪಾಮ್ ಕಂಪನಿ ಕೊಂಡುಕೊಂಡಾಗ, ಅದನ್ನು ಮೆಚ್ಚಿದವರು ಮತ್ತೆ ಮೊದಲಿನಿಂದ ಬರೆಯತೊಡಗಿದ ವ್ಯವಸ್ಥೆಗೆ 2004ರಲ್ಲಿ ಹೈಕು ಎಂಬ ಹೆಸರು ಬಂತು. 512 ಎಂಬಿಯಲ್ಲಿ ಡೆಸ್ಕ್‌ಟಾಪ್, ಬರವಣಿಗೆ, ಹಾಡು ಕೇಳುವುದು ನಡೆಯುತ್ತವೆ. ಜಾಲತಾಣಗಳನ್ನು ಮಾತ್ರ ಒಂದು ಸಲಕ್ಕೆ ಒಂದೆರಡಕ್ಕಿಂತ ಹೆಚ್ಚು ತೆರೆಯಬೇಡಿ.