ನೀವು ಕಲ್ಲಾಗಿಲ್ಲ, ಫೋನ್ ಎತ್ತುತ್ತಿಲ್ಲ

ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆಯಾಗಿದ್ದು ನಿವೃತ್ತರಾದ ಓದುಗರೊಬ್ಬರು ಬರೆದಿದ್ದಾರೆ: ‘ಕೆಲಸದಲ್ಲಿದ್ದಾಗ ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರ ಮಗುವಿಗೆ ಪರೀಕ್ಷೆ, ಎಲ್ಲವೂ ತಲೆಯಲ್ಲಿರುತ್ತಿತ್ತು. ಈಗ ಮದುವೆಗೂ ಹೋಗುತ್ತೇನೆ, ಸಾವಿನ ಮನೆಗೂ ಹೋಗುತ್ತೇನೆ. ಯಾವುದೂ ಮನಸ್ಸಿಗೆ ತಟ್ಟುವುದಿಲ್ಲ. ಮಗ ಒಳ್ಳೆಯವನು, “ಇನ್ನು ನಿನಗೇಕಮ್ಮ ಊರ ಉಸಾಬರಿ” ಎನ್ನುತ್ತಾನೆ. ನಾನು ಕಲ್ಲಾಗಿಬಿಟ್ಟೆನೇ?’

ನಿಮ್ಮ ಉದ್ದನೆಯ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆವರಣದೊಳಗೆ ಅಡಗಿಸಿಟ್ಟ ಸಾಲಿನ ಮೇಲೆ: ‘(ನನ್ನ ಜಾಗಕ್ಕೆ ಬಂದ ಹುಡುಗಿ ಆಗಾಗ ಫೋನ್ ಮಾಡುತ್ತಾಳೆ. ಲೆಕ್ಕದ ವಿಷಯವೇ ಇರಬೇಕೆಂದು ಎತ್ತುವುದಿಲ್ಲ.)’ ನೀವು ಹೊರಬಂದು ಎರಡು ವರ್ಷವಾಗಿದೆ. ಅಷ್ಟೂ ಲೆಕ್ಕವನ್ನು ನೀವಿಲ್ಲದೆ ಮುಗಿಸಿದವಳಿಗೆ ಈಗ ಯಾವ ಲೆಕ್ಕ ಕೇಳಬೇಕಾಗಿದೆ? ಆಕೆಗೆ ಬೇಕಾಗಿರುವುದು ನೀವು.

ಕಚೇರಿಯಲ್ಲಿ ಪರರ ಸುಖದುಃಖ ನಿಮಗೆ ದಿನಕ್ಕಿಷ್ಟರಂತೆ ಸಿಗುತ್ತಿತ್ತು. ಸೋಮವಾರ ಜ್ವರ, ಬುಧವಾರ ರಕ್ತಪರೀಕ್ಷೆ, ಶುಕ್ರವಾರ ನಿಟ್ಟುಸಿರು. ಈಗ ನೀವು ನೇರವಾಗಿ ಸಮಾರಂಭಕ್ಕೆ ಹೋಗುತ್ತೀರಿ. ಧಾರಾವಾಹಿಯ ಕೊನೆಯ ಕಂತನ್ನಷ್ಟೇ ನೋಡಿದವರಿಗೆ ಅಳು ಬರುತ್ತದೆಯೇ?

ವಯಸ್ಸಾದಂತೆ ಸಮಾಜದಿಂದ ಹಿಂದೆ ಸರಿಯುವುದು ಸಹಜವೆಂದು ಸಂಶೋಧಕರಾದ ಎಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ 1961ರಲ್ಲಿ ವಾದಿಸಿದ್ದರು. ಆ ವಾದ ಸಾಕಷ್ಟು ಪೆಟ್ಟು ತಿಂದಿದೆ. ನಿಮ್ಮ ಮಗನಿಗೆ ಮಾತ್ರ ಸುದ್ದಿ ತಲುಪಿದಂತಿಲ್ಲ. ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಹೇಳುವುದೇ ಬೇರೆ: ಮುಂದಿರುವ ಕಾಲ ಕಡಿಮೆ ಎನಿಸಿದಾಗ ಜನ ಬರೀ ಪರಿಚಯದವರನ್ನು ಬಿಡುತ್ತಾರೆ, ಆಪ್ತರನ್ನು ಇನ್ನಷ್ಟು ಹತ್ತಿರ ಇಟ್ಟುಕೊಳ್ಳುತ್ತಾರೆ. ನೀವು ಮಾಡಿದ್ದು ತದ್ವಿರುದ್ಧ. ಹಾಜರಿ ಹಾಕುವ ಸಂಬಂಧಗಳನ್ನೆಲ್ಲ ಉಳಿಸಿಕೊಂಡು, ನಿಮ್ಮನ್ನು ಹುಡುಕಿಕೊಂಡು ಬರುವವಳನ್ನು ಬಿಟ್ಟಿರಿ.

ಮಗನ ಮೇಲೆ ನನಗೆ ಕೋಪವಿದೆ. ಒಳ್ಳೆಯವನಿರಬಹುದು. ಆದರೆ ಹೆತ್ತವರ ಬಾಯಿಗೆ ‘ವಿಶ್ರಾಂತಿ’ಯ ಬೀಗ ಜಡಿಯುವ ಮಕ್ಕಳ ಬಗ್ಗೆ ಈ ಅಂಕಣದಲ್ಲಿ ಬರೆದು ಬರೆದು ಸಾಕಾಗಿದೆ. ಆ ಉಸಾಬರಿಯೇ ನಿಮ್ಮ ಜೀವಾಳವಾಗಿತ್ತು. (ನಿದ್ದೆ, ಹಸಿವು ಕೂಡ ಕೆಟ್ಟಿದ್ದರೆ ವೈದ್ಯರನ್ನು ಕಾಣಿ, ಅದು ಬೇರೆ ಮಾತು.)

ಮಾಡಬೇಕಾದದ್ದು ಒಂದೇ. ಇಂದು ಸಂಜೆ ಆ ಹುಡುಗಿಗೆ ಫೋನ್ ಮಾಡಿ. ಇಷ್ಟು ದಿನ ಏಕೆ ಎತ್ತಲಿಲ್ಲ ಎಂಬ ಸಬೂಬು ಬೇಡ. ಆಕೆ ಸಂಕೋಚಕ್ಕೆ ಮೊದಲು ಲೆಕ್ಕದ ಮಾತನ್ನೇ ಎತ್ತಿದರೆ ಎತ್ತಲಿ. ಆಮೇಲೆ ಮನೆಯಲ್ಲಿ ಎಲ್ಲರೂ ಹೇಗಿದ್ದಾರೆಂದು ಕೇಳಿ. ಹೇಳಿದ್ದನ್ನು ನೆನಪಿಟ್ಟುಕೊಂಡು, ಮುಂದೇನಾಯಿತೆಂದು ವಿಚಾರಿಸಲು ಬರುವ ವಾರ ನೀವೇ ಮತ್ತೆ ಫೋನ್ ಮಾಡಿ.