ಚಿಕ್ಕ ನಾಯಿ ಸಾಕುವ ಮುನ್ನ: ಪಗ್‌ನ ಉಸಿರು, ಡ್ಯಾಶ್‌ಹೌಂಡ್‌ನ ಬೆನ್ನು

ಪ್ರಶ್ನೆ: ನಾವು ಕಲಬುರಗಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ನಮ್ಮ ಯಜಮಾನರು ಬೆಳಿಗ್ಗೆ 9ಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ 6ಕ್ಕೆ. ಮನೆಯಲ್ಲಿ 68 ವರ್ಷದ ಅತ್ತೆ ಇರುತ್ತಾರೆ. ಆರು ವರ್ಷದ ಮಗ ಪಗ್ ಬೇಕು ಅಂತ ಹಟ ಹಿಡಿದಿದ್ದಾನೆ. ಚಿಕ್ಕ ನಾಯಿ, ಜಾಸ್ತಿ ಬೊಗಳಲ್ಲ, ಸಾಕೋದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ತರಬಹುದಾ?

ಉತ್ತರ: ಪಗ್‌ನ ಗುಣದ ಬಗ್ಗೆ ನೀವು ಕೇಳಿದ್ದೆಲ್ಲ ನಿಜ. ಮಕ್ಕಳ ಜೊತೆ ಚೆನ್ನಾಗಿ ಬೆರೆಯುತ್ತದೆ, ಸುಮ್ನೆ ಬೊಗಳುವುದಿಲ್ಲ, ದಿನವಿಡೀ ಮನೆಯವರ ಹಿಂದೆಯೇ ಸುತ್ತುತ್ತದೆ. 2003ರಲ್ಲಿ ಟಿವಿಯಲ್ಲಿ ಹಚ್ ಮೊಬೈಲ್ ಕಂಪನಿಯ ಪಗ್ ಜಾಹೀರಾತು ಬಂದ ಮೇಲಂತೂ ಈ ನಾಯಿ ಮನೆಮನೆಯ ಆಸೆಯಾಗಿಬಿಟ್ಟಿತು. ಆದರೂ ನಿಮ್ಮ ಊರಿಗೆ ಪಗ್ ಬೇಡ ಅಂತಲೇ ಹೇಳುತ್ತೇನೆ. ಅದಕ್ಕೆ ಕಾರಣ ಅದರ ಮೂಗು.

ನಮ್ಮ ಹಾಗೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿ, ಉಸಿರಿನ ಮೂಲಕವೇ ಅದು ಮೈಕಾವು ಇಳಿಸಿಕೊಳ್ಳಬೇಕು. ಪಗ್‌ನ ಮುಖ ಚಪ್ಪಟೆ. ಮೂಗಿನ ಹೊಳ್ಳೆ ಬರೀ ಗೀಟು ಎಳೆದಷ್ಟು. ಬಾಯೊಳಗಿನ ಮೆತ್ತನೆಯ ಅಂಗುಳ ಉದ್ದವಾಗಿದ್ದು ಗಂಟಲಿಗೆ ಅಡ್ಡ ಬರುತ್ತದೆ. ಹಾಗಾಗಿ ಎಷ್ಟು ತೇಕಿದರೂ ಗಾಳಿ ಸಾಲುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ, ಕರೆಂಟ್ ಹೋದ ಮಧ್ಯಾಹ್ನ, ಎರಡನೇ ಮಹಡಿಯ ಕಾದ ಮನೆಯಲ್ಲಿ ಅದರ ಪಾಡು ಏನಾಗಬಹುದು ಯೋಚಿಸಿ.

ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಹತ್ತಿರ ಒಂದು ಪಗ್ ತಂದಿದ್ದರು. ಆಟೋದಲ್ಲಿ ಅರ್ಧ ಗಂಟೆ ಬಂದಿತ್ತು, ಅಷ್ಟೇ. ನಾಲಿಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು, ನಾಲ್ಕೂ ಕಾಲು ಚಾಚಿ ತಣ್ಣನೆಯ ಟೈಲ್ಸಿಗೆ ಹೊಟ್ಟೆ ಒತ್ತಿ ಮಲಗಿತು. ಥರ್ಮಾಮೀಟರ್ 106 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಆರೋಗ್ಯವಂತ ನಾಯಿಯ ಮೈಕಾವು 101ರಿಂದ 102.5 ಇರುತ್ತದೆ. ಅದು ಉಳಿಯಿತು. ಹಾಗೆ ಬಂದವುಗಳಲ್ಲಿ ಎಲ್ಲವೂ ಉಳಿದಿಲ್ಲ.

ಇದನ್ನು ಓದುವವರ ಮನೆಯಲ್ಲಿ ಈಗಾಗಲೇ ಪಗ್ ಇದ್ದರೆ ಇಷ್ಟು ನೆನಪಿರಲಿ. ಬೇಸಿಗೆಯಲ್ಲಿ ಹೊರಗೆ ಕರೆದೊಯ್ಯುವುದು ಬಿಸಿಲೇರುವ ಮೊದಲು, ಇಲ್ಲವೇ ಕತ್ತಲಾದ ಮೇಲೆ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ನೋಡಿ. ಐದು ಎಣಿಸುವಷ್ಟರಲ್ಲಿ ಸುಟ್ಟರೆ ಅದರ ಪಾದವೂ ಸುಡುತ್ತದೆ. ಬಿಸಿಲು ತಗುಲಿ ಕುಸಿದರೆ ಮೊದಲು ನೆರಳಿಗೆ ತನ್ನಿ, ಮೈಮೇಲೆ ನಲ್ಲಿ ನೀರು ಸುರಿಯುತ್ತಾ ಫ್ಯಾನ್ ಹಾಕಿ, ಆಮೇಲೆ ಆಸ್ಪತ್ರೆಗೆ ಓಡಿ. ಮೈ ಒದ್ದೆ ಮಾಡದೆ ಒಯ್ದರೆ ದಾರಿಯಲ್ಲೇ ಕೈತಪ್ಪಬಹುದು. ಮುಖದ ಮಡಿಕೆಗಳನ್ನು ದಿನಾ ಒರೆಸಿ ಒಣಗಿಸಿ, ತೂಕ ಏರಲು ಬಿಡಬೇಡಿ. 6ರಿಂದ 8 ಕಿಲೋ ಇರಬೇಕಾದ ಪಗ್‌ಗಳು 12 ಕಿಲೋ ತೂಗುವುದನ್ನು ನೋಡುತ್ತಲೇ ಇರುತ್ತೇನೆ. ತುಪ್ಪದ ಚಪಾತಿ, ಬಿಸ್ಕತ್ತು ಕೊಡುವ ಪ್ರೀತಿಯ ಕೈ ಅದಕ್ಕೆ ಕಾರಣ. ಕೊಬ್ಬು ಹೆಚ್ಚಾದಷ್ಟೂ ಉಸಿರಾಟ ಇನ್ನೂ ಕಷ್ಟ.

ಇನ್ನೊಂದು ಮಾತು. ಅತ್ತೆಯವರನ್ನು ಕೇಳಿದ್ದೀರಾ? ಹಗಲಿಡೀ ನಾಯಿ ಜೊತೆ ಇರುವವರು ಅವರೇ ಅಲ್ವಾ? ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಉಚ್ಚೆ ತಡೆದುಕೊಳ್ಳಲಾರದು. ಅಷ್ಟು ಸಲ ಬಗ್ಗಿ ನೆಲ ಒರೆಸುವುದು, ಮೆಟ್ಟಿಲು ಹತ್ತಿ ಇಳಿಯುವುದು ಅವರ ಮಂಡಿಗೆ ಆಗುತ್ತದಾ? ಕಾಲಿಗೆ ಸುತ್ತಿಕೊಳ್ಳುವ ಪುಟ್ಟ ಮರಿಯನ್ನು ಎಡವಿ ಬಿದ್ದು ಸೊಂಟ ಮುರಿದುಕೊಂಡ ಹಿರಿಯರೂ ಇದ್ದಾರೆ. ಅವರು ಮನಸಾರೆ ಒಪ್ಪಿದರೆ ಮರಿಯ ಬದಲು ಒಂದೆರಡು ವರ್ಷದ, ಮನೆಯ ಶಿಸ್ತು ಕಲಿತ ಊರ ನಾಯಿಯನ್ನು ದತ್ತು ತನ್ನಿ. ಮೂತಿ ಉದ್ದ, ಕೂದಲು ಗಿಡ್ಡ, ನಮ್ಮ ಬಿಸಿಲಿಗೆ ಹುಟ್ಟಿದ ಮೈ. ಮಗನಿಗೆ ಮೊದಲ ವಾರ ಸಪ್ಪೆ ಅನ್ನಿಸಬಹುದು. ಅದು ಅವನ ಪಕ್ಕ ಬಂದು ಮಲಗಿದ ದಿನ ಪಗ್ ಮರೆತುಹೋಗುತ್ತದೆ. ಅತ್ತೆ ಒಪ್ಪದಿದ್ದರೆ ಈಗ ಯಾವ ನಾಯಿಯೂ ಬೇಡ.

ಪ್ರಶ್ನೆ: ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ನಮ್ಮ ಡ್ಯಾಶ್‌ಹೌಂಡ್‌ಗೆ ಐದು ವರ್ಷ. ಮೂರು ದಿನದಿಂದ ಮಂಚ ಹತ್ತುತ್ತಿಲ್ಲ, ಎತ್ತಿಕೊಂಡರೆ ಕಿರುಚುತ್ತದೆ. ಊಟ ಮಾಡುತ್ತಿದೆ. ನಾವು ತಿನ್ನುವ ನೋವಿನ ಮಾತ್ರೆ ಅರ್ಧ ಕೊಡಬಹುದಾ?

ಉತ್ತರ: ದಯವಿಟ್ಟು ಕೊಡಬೇಡಿ. ಐಬುಪ್ರೊಫೆನ್‌ನಂಥ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ನೀವು ಹೇಳಿದ ಲಕ್ಷಣ ನೋಡಿದರೆ ಬೆನ್ನುಮೂಳೆಯ ತೊಂದರೆಯ ಅನುಮಾನ ಬರುತ್ತದೆ. ಜರ್ಮನಿಯಲ್ಲಿ ಬ್ಯಾಜರ್ ಎಂಬ ಪ್ರಾಣಿಯನ್ನು ಬಿಲಕ್ಕೆ ನುಗ್ಗಿ ಹಿಡಿಯಲು ಬೆಳೆಸಿದ ತಳಿ ಇದು. ಕಾಲು ಗಿಡ್ಡವಾಗಿಸಿದ ಅದೇ ಗುಣ ಬೆನ್ನುಮೂಳೆಗಳ ನಡುವಿನ ಮೆತ್ತೆಯನ್ನು ಚಿಕ್ಕ ವಯಸ್ಸಿಗೇ ಒಣಗಿಸಿ ಗಟ್ಟಿ ಮಾಡುತ್ತದೆ. ಮೆತ್ತೆ ಒಡೆದು ನರ ಒತ್ತಿದರೆ ನೋವು, ಒತ್ತಡ ಹೆಚ್ಚಿದರೆ ಹಿಂಗಾಲಿನ ಬಲವೇ ಹೋಗುತ್ತದೆ.

ನಾಳೆಗೆ ಮುಂದೂಡದೆ ಇಂದೇ ತೋರಿಸಿ. ಒಯ್ಯುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು, ಬೆನ್ನು ನೆಟ್ಟಗಿರುವಂತೆ ಎತ್ತಿ. ಹಿಂಗಾಲು ಎಳೆಯುತ್ತಿದ್ದರೆ, ಉಚ್ಚೆ ಕಟ್ಟಿದ್ದರೆ ಒಂದೊಂದು ಗಂಟೆಯೂ ಮುಖ್ಯ. ನರದ ಒತ್ತಡ ಇನ್ನೂ ಕಡಿಮೆ ಇದ್ದರೆ ಔಷಧದ ಜೊತೆ ನಾಲ್ಕಾರು ವಾರ ಪುಟ್ಟ ಜಾಗದಲ್ಲಿ ಕಟ್ಟುನಿಟ್ಟಿನ ವಿಶ್ರಾಂತಿಯಲ್ಲೇ ಎಷ್ಟೋ ನಾಯಿಗಳು ಚೇತರಿಸಿಕೊಂಡಿವೆ. ಎರಡನೇ ವಾರಕ್ಕೆ ಅದು ಹುಷಾರಾದಂತೆ ಕುಣಿಯುತ್ತದೆ, ನಿಮಗೂ ಪಾಪ ಅನ್ನಿಸುತ್ತದೆ. ಬಿಡಬೇಡಿ. ಆ ಹೊತ್ತಿನಲ್ಲಿ ಒಂದು ಸಲ ಸೋಫಾದಿಂದ ಹಾರಿದರೂ ಎಲ್ಲ ಮೊದಲಿಂದ ಶುರು.

ಪ್ರಶ್ನೆ: ನಮ್ಮ ಪೊಮೆರೇನಿಯನ್‌ಗೆ ಬೇಸಿಗೆಯಲ್ಲಿ ಕೂದಲು ಬೋಳಿಸಬಹುದಾ? ಬೆಲ್ಟ್ ಎಳೆದಾಗ ಬಾತುಕೋಳಿ ಹಾಗೆ ಕೆಮ್ಮುತ್ತದೆ. (ಮೈಸೂರು)

ಉತ್ತರ: ಬೋಳಿಸಬೇಡಿ. ಅದರ ಮೈಮೇಲೆ ಎರಡು ಪದರ ಕೂದಲಿದೆ, ಬಿಸಿಲು ನೇರ ಚರ್ಮಕ್ಕೆ ತಾಗದಂತೆ ಅದೇ ಕಾಯುತ್ತದೆ. ಬೋಳಿಸಿದ ಮೇಲೆ ಕೆಲವಕ್ಕೆ ಮತ್ತೆ ಸರಿಯಾಗಿ ಬೆಳೆಯುವುದೂ ಇಲ್ಲ. ದಿನ ಬಿಟ್ಟು ದಿನ ಬಾಚಿ, ಉದುರಿದ ಒಳಗೂದಲು ತೆಗೆದರೆ ಸಾಕು. ಬಾಚುವಾಗ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣಿ ಹುಳು ಇದೆಯಾ ನೋಡಿ.

ಕೆಮ್ಮನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪುಟ್ಟ ತಳಿಗಳಲ್ಲಿ ಶ್ವಾಸನಾಳದ ಉಂಗುರಗಳು ಸಡಿಲವಾಗಿ ನಾಳ ಚಪ್ಪಟೆಯಾಗುತ್ತದೆ, ಆಗ ಇಂಥದೇ ಕೆಮ್ಮು ಬರುತ್ತದೆ. ಹೃದಯದ ತೊಂದರೆಯಿಂದಲೂ ಕೆಮ್ಮು ಬರಬಹುದು, ಅದಕ್ಕೇ ಒಮ್ಮೆ ಎಕ್ಸ್‌ರೇ ಮಾಡಿಸಿ. ಕುತ್ತಿಗೆ ಬೆಲ್ಟನ್ನು ಇವತ್ತೇ ತೆಗೆದಿಟ್ಟು ಎದೆಗೆ ಹಾಕುವ ಹಾರ್ನೆಸ್ ತನ್ನಿ.

ಪ್ರಶ್ನೆ: ಶಿಟ್ಜು ಮರಿ ಮಾರುವವರೊಬ್ಬರು 35 ದಿನದ ಮರಿ ಈಗಲೇ ತಗೊಂಡು ಹೋಗಿ, ಬೇಗ ಹೊಂದಿಕೊಳ್ಳುತ್ತದೆ ಅನ್ನುತ್ತಿದ್ದಾರೆ. ಸರಿನಾ? (ಹುಬ್ಬಳ್ಳಿ)

ಉತ್ತರ: ಸರಿಯಲ್ಲ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ. ಬೇಗ ಬೇರೆ ಮಾಡಿದ ಮರಿ ಆಮೇಲೆ ನಿಮ್ಮ ಕೈ ಕಚ್ಚುತ್ತದೆ. ಎಂಟು ವಾರ ತುಂಬಿದ ಮೇಲೆ ಹೋಗಿ. ಮಾರಾಟಗಾರರ ನೋಂದಣಿ ಪತ್ರ, ಮರಿಯ ಲಸಿಕೆ ಕಾರ್ಡ್ ನೋಡಿ. ತಾಯಿ ನಾಯಿಯನ್ನು ತೋರಿಸಿ ಅಂತ ಕೇಳಿ. ಅದರ ಮೂಗಿನ ಹೊಳ್ಳೆ ಅಗಲವಾಗಿದೆಯಾ, ಕಣ್ಣಲ್ಲಿ ನೀರು ಸುರಿಯುತ್ತಿದೆಯಾ, ಸುಮ್ನೆ ಕೂತಾಗಲೂ ಗೊರಗೊರ ಅನ್ನುತ್ತದಾ, ಹತ್ತು ನಿಮಿಷ ಕೂತು ನೋಡಿ. ತಾಯಿಯನ್ನು ತೋರಿಸಲು ಒಪ್ಪದಿದ್ದರೆ ಮುಂಗಡ ಕೊಡದೆ ವಾಪಸ್ ಬನ್ನಿ.