ಹೊಟ್ಯಾಗ ನೀರು ಕಮ್ಮಿ ಅಂತ ಬರದಾರ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ಚೊಚ್ಚಲ ಬಸುರಿ, ಈಗ 34 ವಾರ. ಹುಬ್ಬಳ್ಳ್ಯಾಗ 32 ವಾರಕ್ಕ ಸ್ಕ್ಯಾನ್ ಮಾಡ್ಸಿದಾಗ ಎಎಫ್‌ಐ (ಕೂಸಿನ ಸುತ್ತಲಿನ ನೀರಿನ ಅಳತಿ) 10 ಇತ್ತು, ತವರಿಗೆ ಬಂದ ಮ್ಯಾಲೆ ಇಲ್ಲೆ ಬ್ಯಾರೆ ಕಡೆ ಮಾಡ್ಸಿದ್ರ 7.5 ಬಂದೈತಿ. ಸಿಜೇರಿಯನ್ ಮಾಡ್ಸಿಬಿಡ್ರಿ ಅಂತ ಅತ್ತಿಯವ್ರು ಫೋನ್ ಮ್ಯಾಲೆ ಫೋನ್ ಹಚ್ಚಾಕತ್ತಾರ. ಎಳನೀರು ಕುಡದ್ರ ಹೆಚ್ಚಾಗ್ತದೇನ್ರಿ?
- ಓದುಗರು, ಗದಗ

ಉತ್ತರ: 7.5 ಅನ್ನೋ ಒಂದ ನಂಬರ್ ನೋಡಿ ಯಾರೂ ಹೊಟ್ಟಿ ಕೊಯ್ಯೂದಿಲ್ಲ ಅಂತ ಅತ್ತಿಯವ್ರಿಗೆ ಹೇಳ್ರಿ. ಎಎಫ್‌ಐ ಅಂದ್ರ ಹೊಟ್ಟಿನ ನಾಕ ಪಾಲ ಮಾಡಿ, ಒಂದೊಂದು ಪಾಲಿನ್ಯಾಗ ನೀರು ಎಲ್ಲಿ ಭಾಳ ಆಳ ಐತಿ ಅಂತ ನೋಡಿ, ಮ್ಯಾಲಿಂದ ಕೆಳಗ ನೆಟ್ಟಗ ಗೆರಿ ಎಳದು ಅಳದು ನಾಕೂ ಕೂಡ್ಸೂದು, ಅಷ್ಟ. ಹೊಟ್ಟಿ ಮ್ಯಾಲೆ ಆಡ್ಸೂ ಸ್ಕ್ಯಾನಿನ ಹಿಡಿ, ಪ್ರೋಬ್, ಜರಾ ಜೋರ ಒತ್ತಿದ್ರ ಕಮ್ಮಿ ಬರ್ತದ, ಹೊಕ್ಕಳಬಳ್ಳಿ ತುಂಬಿದ ಜಾಗಾನೂ ಲೆಕ್ಕಕ್ಕ ಹಿಡದ್ರ ಹೆಚ್ಚ ಬರ್ತದ, ಕೂಸು ಹೊಳ್ಳಿ ಮಲಗಿದ್ರೂ ಬದಲಾಗ್ತದ. ಎರಡು ಸೆಂಟರ್, ಎರಡು ಕೈ, ಇಷ್ಟ ಫರಕ ಬಂದ್ರ ಅದರಾಗ ಆಶ್ಚರ್ಯ ಇಲ್ಲ.

ಎಎಫ್‌ಐ 5ಕ್ಕಿಂತ ಕಮ್ಮಿ ಆದ್ರ ನೀರು ಕಮ್ಮಿ, 24 ದಾಟಿದ್ರ ಹೆಚ್ಚು, 5 ರಿಂದ 8 ಬಾರ್ಡರ್‌ಲೈನ್. ರಿಪೋರ್ಟಿನ್ಯಾಗ ಎಸ್‌ಡಿಪಿ ಇಲ್ಲಾ ಡಿವಿಪಿ ಅಂತ ಇನ್ನೊಂದು ಸಾಲು ಹುಡಕ್ರಿ, ಅದು ಎಲ್ಲಕ್ಕಿಂತ ಆಳಾದ ಒಂದ ಜಾಗದ ಅಳತಿ, 2 ರಿಂದ 8 ಸೆಂಟಿಮೀಟರ್ ಇದ್ರ ಸರಿ. ನಾನಂತೂ ಇದನ್ನ ಹೆಚ್ಚು ನೋಡಾಕಿ, ಯಾಕಂದ್ರ ಬರೇ ಎಎಫ್‌ಐ ಹಿಡಕೊಂಡು ಕುಂತ್ರ ಸುಮ್ಮಸುಮ್ಮನ ನೋವು ಬರ್ಸಿ ಹೆರಿಗಿ ಮಾಡ್ಸೂದು ಹೆಚ್ಚಾಗ್ತದ, ಕೂಸಿಗೆ ಅದರಿಂದ ಲಾಭ ಏನೂ ಇಲ್ಲ.

ಈ ತಿಂಗಳದಾಗ ಆ ನೀರು ಬಹಳಷ್ಟು ಕೂಸಿನ ಉಚ್ಚಿನ ರೀ, ಅದನ್ನ ಕುಡಿಯೂದೂ ಕೂಸ. ಅದಕ್ಕ ನೀರು ಖರೇನ ಕಮ್ಮಿ ಆದ್ರ ನಾವು ಕೂಸಿನ ಕಿಡ್ನಿ, ತೂಕ, ಡಾಪ್ಲರ್ ಸ್ಕ್ಯಾನ್‌ದಾಗ ರಕ್ತದ ಓಟ ನೋಡ್ತೀವಿ, ತಾಯಿ ಬಿಪಿ ನೋಡ್ತೀವಿ, ನೀರಿನ ಚೀಲ ಸೋರಾಕತ್ತೈತೇನ ಕೇಳ್ತೀವಿ. ಸೊಂಟನೋವು ಅಂತ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ತಂದು ನುಂಗೀರೇನು? ಅವೂ ನೀರು ಇಳಿಸ್ತಾವು, ಡಾಕ್ಟರ್‌ನ ಕೇಳದ ಮುಟ್ಟಬ್ಯಾಡ್ರಿ.

ಎಳನೀರು ಕುಡೀರಿ, ಮಜ್ಜಿಗಿ ಕುಡೀರಿ, ಬರೇ ನೀರೂ ನಡೀತದ, ಗದಗಿನ ಬಿಸಿಲಿಗೆ ಮೈ ಒಣಗಿದ್ರ ಅಷ್ಟರಿಂದನ ಸ್ವಲ್ಪ ಏರ್ತದ. ಆದ್ರ ಚೀಲ ಸೋರಾಕತ್ತಿದ್ರ ಎಳನೀರು ಏನೂ ಮಾಡೂದಿಲ್ಲ. ಒಂದು ವಾರ ಬಿಟ್ಟು ಅದ ಸೆಂಟರ್‌ನ್ಯಾಗ, ಹಳೇ ರಿಪೋರ್ಟ್ ಎರಡೂ ಒಯ್ದು, ಮತ್ತೊಮ್ಮೆ ಮಾಡ್ಸ್ರಿ. ಪ್ಯಾಡ್ ತೊಯ್ದ್ರ, ರಕ್ತ ಕಂಡ್ರ, ಕೂಸಿನ ಮಿಸುಕಾಟ ಕಮ್ಮಿ ಅನ್ನಿಸಿದ್ರ ವಾರ ಕಾಯಬ್ಯಾಡ್ರಿ, ಆಗಿಂದಾಗ ದವಾಖಾನಿಗೆ ಹೋಗ್ರಿ.

ಪ್ರಶ್ನೆ: ನಮ್ಮ ತಂಗಿಗೆ 30 ವಾರ, ನೀರು 27 ಐತಿ ಅಂದಾರ. ಹೆಚ್ಚಿದ್ರ ಚಲೋ ಅಲ್ಲೇನ್ರಿ?
- ಓದುಗರು, ಹಾವೇರಿ

ಉತ್ತರ: ಹೆಚ್ಚಿದ್ರೂ ತನಿಖಿ ಬೇಕ್ರಿ. ಮೊದ್ಲ ಶುಗರ್ ನೋಡಸ್ರಿ. ಆಮ್ಯಾಲೆ ಕೂಸು ನೀರು ನುಂಗಾಕತ್ತೈತೋ, ಹೊಟ್ಟಿ, ಅನ್ನನಾಳ ಸರಿ ಅದಾವೋ ಅಂತ ಸ್ಕ್ಯಾನ್‌ದಾಗ ಕೂಲಂಕಷ ನೋಡ್ಬೇಕು, ಬಹಳ ಮಂದಿಗೆ ಏನೂ ಕಾರಣ ಸಿಗೂದಿಲ್ಲ ಅನ್ನೂದೂ ಖರೆ. ಹೊಟ್ಟಿ ಬಿಗದು ಉಸಿರು ಹಿಡದ್ರ, ದಿನ ತುಂಬೂದಕ್ಕ ಮೊದ್ಲ ನೋವು ಬಂದ್ರ ತಡಾ ಮಾಡಬ್ಯಾಡ್ರಿ. ನೀರು ಒಮ್ಮೆಲೆ ಒಡದ್ರ ಹೊಕ್ಕಳಬಳ್ಳಿ ಜಾರಿ ಬರಬಹುದು, ನಡಸ್ಕೋತ ಒಯ್ಯಬ್ಯಾಡ್ರಿ, ಒಂದ ಮಗ್ಗಲಾಗಿ ಮಲಗಿಸಿ 108ಕ್ಕ ಫೋನ್ ಹಚ್ಚರಿ.